ಅಕ್ಕನಿಗೆ ಯಾರು ಹೇಳಬೇಕು

ನನ್ನ ರೊಟ್ಟಿಯನ್ನು ನಾನು ನೂರು ರೊಟ್ಟಿಗಳ ನಡುವೆಯೂ ಗುರುತಿಸುತ್ತೇನೆ. ಬಡಿಯುವಾಗ ಅಂಚಿಗೆ ಕಿರುಬೆರಳು ಒತ್ತುವ ಚಾಳಿ ನನ್ನದು, ಅವ್ವನಿಂದ ಬಂದದ್ದು. ಹಾಗಾಗಿ ಅವತ್ತು ನೆಗೆಣ್ಣಿ ಅಥಣಿಯ ಖಾನಾವಳಿಯಿಂದ ವಾಪಸ್ ಬಂದಿದ್ದ ಪಾಕೀಟು ಬಿಚ್ಚಿ ಎಲ್ಲರ ನಡುವೆ ಸುರಿದಾಗ, ಆ ಚೂರುಗಳು ಯಾರ ಕೈಯವೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಉಳಿದ ಹೆಂಗಸರಿಗೂ ಹೇಳಬೇಕಾಗಿರಲಿಲ್ಲ. ಒಂದೇ ಶೆಡ್ಡಿನಲ್ಲಿ ಕೂತು ವರ್ಷಗಟ್ಟಲೆ ರೊಟ್ಟಿ ಬಡಿದವರಿಗೆ ಒಬ್ಬರ ಕೈ ಒಬ್ಬರಿಗೆ ಗೊತ್ತಿರುತ್ತದೆ. ಎಲ್ಲರೂ ಒಮ್ಮೆ ನೋಡಿದರು, ಆಮೇಲೆ ತಲೆ ತಗ್ಗಿಸಿ ತಮ್ಮ ತಮ್ಮ ಹಿಟ್ಟು ನಾದತೊಡಗಿದರು.

“ಏನ ಬೇ ಇದು?” ನೆಗೆಣ್ಣಿ ಚೀರಿದಳು. “ಖಡಕ್ ರೊಟ್ಟಿ ಅಂತ ಹೇಳಿ ನುಚ್ಚು ಕಳಸೂದೇನು? ಹಿಟ್ಟು ನಾದಾಕ ಕೈಯಾಗ ತ್ರಾಣ ಇಲ್ಲಂದ್ರ ಮನ್ಯಾಗ ಕುಂದರಬೇಕು!”

ಮಾತೆಲ್ಲ ನನ್ನ ಕುರಿತೇ. ನನ್ನ ಕೈ, ನನ್ನ ತ್ರಾಣ. ಆದರೆ ಅವಳ ಕಣ್ಣು ಇದ್ದದ್ದು ನನ್ನ ಎಡಕ್ಕೆ ಕೂತಿದ್ದ ಅಕ್ಕೋಳದವಳ ಮೇಲೆ. ಆಕೆ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಕಿವಿಯ ಬುಡ ಮಾತ್ರ ಕೆಂಪಾಯಿತು.

ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ಚಿಕ್ಕೋಡಿಯ ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಈ ರೊಟ್ಟಿ ಕೇಂದ್ರ ಶುರು ಮಾಡಿದವಳು ಅವಳೇ. ನಾನು ಅವಳ ಕೈಕೆಳಗೆ ದುಡಿಯುವವಳು. ಮದುವೆಯಾಗಿ ಶೇಡಬಾಳದಿಂದ ಬಂದಾಗ ಅವಳಿಗೆ ರೊಟ್ಟಿ ಬರುತ್ತಿರಲಿಲ್ಲ, ಚಪಾತಿಯ ಹುಡುಗಿ. ಅವಳ ಎರಡೂ ಕೈ ಹಿಡಿದುಕೊಂಡು ಹಿಟ್ಟಿನ ಮೇಲೆ ತಿರುಗಿಸಿ ಕಲಿಸಿದವಳು ನಾನು. ಅತ್ತೆ ತೀರಿಕೊಂಡ ಮೇಲೆ ಅವಳ ಪಾಲಿಗೆ ಅತ್ತೆಯೂ ನಾನೇ. ನನ್ನನ್ನು ‘ಅಕ್ಕಾರ’ ಅನ್ನುತ್ತಾಳೆ, ನಾನು ಬಂದರೆ ಇವತ್ತಿಗೂ ಎದ್ದು ನಿಲ್ಲುತ್ತಾಳೆ. ಕೆಲಸದವರಿಗೆಲ್ಲ ಅವಳು ‘ವೈನಿ’, ನಾನು ‘ದೊಡ್ಡಕ್ಕ’.

ಅವಳು ಕೆಟ್ಟ ಯಜಮಾನಿ ಎಂದು ಯಾರಾದರೂ ಅಂದರೆ ನಾನೇ ಜಗಳಕ್ಕೆ ನಿಲ್ಲುತ್ತೇನೆ. ಕಾಗವಾಡದ ಅಂಗಡಿಗಳಿಗೂ ಗಡಿಯಾಚೆಯ ಮೀರಜಕ್ಕೂ ಒಬ್ಬಳೇ ಅಡ್ಡಾಡಿ ಗಿರಾಕಿ ಹಿಡಿದಳು. ಮರಾಠಿಯಲ್ಲಿ ‘ಭಾಕರಿ’ ಎಂದು ಕೂಗಿ ಮಾರಲೂ ನಾಚಲಿಲ್ಲ. ಹೆಂಗಸರಿಗೆ ಹೊತ್ತು ಹೊತ್ತಿಗೆ ಚಹಾ ಕೊಟ್ಟಳು, ಮಕ್ಕಳಿಗೆ ಜ್ವರ ಬಂದರೆ ಸೂಟಿ ಕೊಟ್ಟಳು. ಮಹಿಳಾ ಉದ್ಯಮಿಗಳ ತರಬೇತಿಗೆಂದು ಹೋಗಿ ಬಂದವಳು, ಕೆಲಸದವರನ್ನು ಮನೆಯವರಂತೆ ನೋಡಿಕೊಳ್ಳಬೇಕು ಎಂಬ ಒಂದು ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಬಂದಿದ್ದಳು. “ನಾವೆಲ್ಲಾ ಒಂದ ಮನಿ ಮಂದಿ” ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ನನಗೆ ಆ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ಹೇಳಿಕೊಟ್ಟ ಆ ಪುಣ್ಯಾತ್ಮರು ನಮ್ಮ ಕಡೆಯ ಮನೆಯೊಳಗೆ ಒಂದು ದಿನವಾದರೂ ಸೊಸೆಯಾಗಿ ಇದ್ದು ನೋಡಬೇಕಿತ್ತು.

ನಮ್ಮ ಮನೆಗಳಲ್ಲಿ ತಪ್ಪನ್ನು ತಪ್ಪು ಮಾಡಿದವರಿಗೆ ಹೇಳುವ ಪದ್ಧತಿ ಇಲ್ಲ. ಅದರಲ್ಲೂ ಅವರು ಹಿರಿಯರಾಗಿದ್ದರೆ ಮುಗಿಯಿತು. ಪಕ್ಕದಲ್ಲಿ ಬೈಯಲು ಯೋಗ್ಯವಾದದ್ದು ಏನಿದೆ ಎಂದು ನೋಡಿಕೊಂಡು ಅದಕ್ಕೆ ಹೇಳಬೇಕು. ನಮ್ಮ ಅತ್ತೆ ಎಮ್ಮೆಗೆ ಹೇಳುತ್ತಿದ್ದರು. ನಾನು ಹೊಸ ಸೊಸೆ, ಬೆಳಿಗ್ಗೆ ಏಳುವುದು ತಡವಾದರೆ ಹಿತ್ತಲಿನಿಂದ ಕೂಗು ಕೇಳುತ್ತಿತ್ತು: “ಹೊತ್ತು ನೆತ್ತಿಗೆ ಬಂದ್ರೂ ಬಿದ್ದಕೊಂಡೀಯಲ್ಲ, ಯಾರ ಮನೀ ಕೂಳ ತಿನ್ನಾಕತ್ತಿ ನೀ?” ನಾನು ದಡಬಡಿಸಿ ಎದ್ದು ಹೊರಗೆ ಬಂದರೆ ಅತ್ತೆ ನಗುತ್ತ, “ಎದ್ದಿ ಏನವಾ, ಚಾ ಕುಡಿ” ಅನ್ನುತ್ತಿದ್ದರು. ಎಮ್ಮೆ ಮೆಲುಕು ಹಾಕುತ್ತಲೇ ಇರುತ್ತಿತ್ತು. ಮಾತು ಮುಟ್ಟಬೇಕಾದವರಿಗೆ ಮುಟ್ಟುತ್ತಿತ್ತು, ಯಾರ ಮರ್ಯಾದೆಯೂ ಹೋಗುತ್ತಿರಲಿಲ್ಲ. ಚೆನ್ನಾದ ಪದ್ಧತಿಯೇ. ಆದರೆ ಬೈಸಿಕೊಂಡ ಎಮ್ಮೆ ಕೆಲಸ ಬಿಟ್ಟು ಹೋಗುವುದಿಲ್ಲ.

ಶೆಡ್ಡಿನಲ್ಲಿ ಆ ಎಮ್ಮೆಯ ಜಾಗಕ್ಕೆ ಅಕ್ಕೋಳದವಳು ಬಂದಳು. ಅವಳೇ ಯಾಕೆಂದರೆ, ಉಳಿದವರೆಲ್ಲ ಯಾರಾದರೂ ಒಬ್ಬರಿಗೆ ಏನಾದರೂ ಆಗಬೇಕಾದವರು. ಒಬ್ಬಳು ನೆಗೆಣ್ಣಿಯ ಸೋದರಮಾವನ ಮಗಳು, ಇನ್ನೊಬ್ಬಳು ಓಣಿಯ ಹಿರಿಯರ ಸೊಸೆ. ಇವಳ ತವರು ನಿಪ್ಪಾಣಿಯ ಕಡೆಯ ಅಕ್ಕೋಳ. ಗಂಡ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತ ಸೀಜನ್ ಪೂರ್ತಿ ಹೊರಗೇ ಇರುವವನು. ಚಿಕ್ಕೋಡಿಯಲ್ಲಿ ಅವಳ ಪರವಾಗಿ ‘ಯಾಕ್ರಿ?’ ಎಂದು ಕೇಳುವ ಒಂದು ಬಾಯಿಯೂ ಇರಲಿಲ್ಲ. ಇಂಥವರನ್ನು ಹುಡುಕಿ ತೆಗೆಯುವುದರಲ್ಲಿ ನಮ್ಮ ಕಣ್ಣು ಬಹಳ ಚುರುಕು.

ನನ್ನ ಕೈ ವಿಷಯ ಹೇಳುತ್ತೇನೆ. ಬೆಳಿಗ್ಗೆ ಎದ್ದಾಗ ಬೆರಳುಗಳು ಬಾತುಕೊಂಡಿರುತ್ತಿದ್ದವು, ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಜೋಳದ ಹಿಟ್ಟಿಗೆ ಕುದಿನೀರು ಹಾಕಿದ ಮೇಲೆ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಬೇಕು. ನಾದಿದಷ್ಟೂ ಹಿಟ್ಟಿಗೆ ಜಿಗುಟು ಬರುತ್ತದೆ. ಅಂಗೈಯಲ್ಲಿ ಬಲವಿಲ್ಲದಿದ್ದರೆ ಬಡಿಯುವಾಗಲೇ ಅಂಚು ಬಿರಿಯುತ್ತದೆ, ಒಣಗಿ ಖಡಕ್ ಆದಮೇಲೆ ಆ ಬಿರುಕೇ ರೊಟ್ಟಿಯನ್ನು ಒಡೆಯುತ್ತದೆ. ಡಾಕ್ಟರು ವಾತ ಎಂದರು, ಕೈಗೆ ವಿಶ್ರಾಂತಿ ಕೊಡಿ ಎಂದರು. ವಿಶ್ರಾಂತಿ! ನನ್ನವರು ಹೋದಮೇಲೆ ಆ ಮನೆಯಲ್ಲಿ ನಾನು ತಲೆ ಎತ್ತಿ ಓಡಾಡಿದ್ದು ಆ ಒಲೆಯ ಬಲದಿಂದ. ಬಾಗಿಲಿನ ಬದಿಯ ಮೊದಲನೇ ಒಲೆ ನನ್ನದು. ಅಲ್ಲಿಂದ ಎದ್ದರೆ ನಾನು ಮೈದುನನ ಮನೆಯಲ್ಲಿ ಉಣ್ಣುವ ವಿಧವೆ ಅತ್ತಿಗೆ, ಅಷ್ಟೇ. ಆ ಹೆದರಿಕೆ ಎಂಥದ್ದೆಂದು ಅದನ್ನು ಅನುಭವಿಸದವರಿಗೆ ಹೇಳಿ ಪ್ರಯೋಜನವಿಲ್ಲ.

ಆದರೂ ಪಾಕೀಟು ಸುರಿದ ಆ ಸಂಜೆಯೇ ನಾನು ನೆಗೆಣ್ಣಿಯ ಹತ್ತಿರ ಹೋದೆ. ಅವಳು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು.

“ತಂಗಿ, ಆ ರೊಟ್ಟಿ ನನ್ನವು ಬೇ. ಆಕೀವಲ್ಲ.”

ಅವಳು ಮೊರ ಕೆಳಗಿಟ್ಟು ಎರಡೂ ಕೆನ್ನೆ ಬಡಿದುಕೊಂಡಳು. “ಹಂಗ ಅನಬ್ಯಾಡ್ರಿ ಅಕ್ಕಾರ. ನಿಮ್ಮ ಕೈಯಾಗಿನ ರೊಟ್ಟಿ ಒಡದಾವ ಅಂದ್ರ ನನ್ನ ಬಾಯಾಗ ಹುಳ ಬೀಳತಾವ.”

“ನಾನ ಹೇಳಾಕತ್ತೇನಲ್ಲ!”

“ನೀವು ದೊಡ್ಡ ಮನಸಿನವ್ರು, ಆಕೀನ್ನ ಉಳಸಾಕ ಹೇಳತೀರಿ. ನಡೀರಿ, ಊಟಾ ಮಾಡೂಣು.”

ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಸುಮ್ಮನಿರುತ್ತಿತ್ತು, ನನ್ನನ್ನು ಹೊಗಳುತ್ತಿರಲಿಲ್ಲ. ಅವಳಿಗೆ ಗೊತ್ತಿರಲಿಲ್ಲ ಎಂದು ತಿಳಿಯಬೇಡಿ. ಗೊತ್ತಿತ್ತು. ಮರುದಿನವೇ ನನಗೆ ಕೂರಲು ಹೊಸ ಮಣೆ ಬಂತು, ಮೊದಲ ಚಹಾ ನನಗೇ ಬಂತು, “ಅಕ್ಕಾರ, ಅವಸರ ಮಾಡಬ್ಯಾಡ್ರಿ” ಎಂಬ ಮಾತು ಬಂತು. ಬರಬೇಕಾದ ಒಂದು ಮಾತು ಮಾತ್ರ ಬರಲಿಲ್ಲ. ಅದು ಅಕ್ಕೋಳದವಳಿಗೆ ಹೋಯಿತು.

ಆಮೇಲಿನ ದಿನಗಳೆಲ್ಲ ಹೀಗೇ. ನನ್ನ ರೊಟ್ಟಿ ಒಡೆದ ದಿನ ಅವಳಿಗೆ ಬೈಗುಳ. ನಾನು ಏನೇನು ಮಾಡಲಿಲ್ಲ! ಹಿಟ್ಟಿಗೆ ಇನ್ನಷ್ಟು ಕುದಿನೀರು ಸುರಿದು ಅಂಗೈ ಸುಟ್ಟುಕೊಂಡೆ. ಎಲ್ಲರಿಗಿಂತ ಮೊದಲು ಬಂದು ಬಿಸಿನೀರಿನಲ್ಲಿ ಕೈ ಅದ್ದಿ ಕೂತೆ. ಪಾಕೀಟು ಕಟ್ಟುವ ಮೊದಲು ನನ್ನ ರೊಟ್ಟಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಬಿರುಕು ಕಂಡವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಒಯ್ದು ಎಮ್ಮೆಗೆ ಹಾಕಿದೆ. ಈ ವಯಸ್ಸಿನಲ್ಲಿ ನನ್ನ ಕೈಯ ರೊಟ್ಟಿಯನ್ನು ನಾನೇ ಕದ್ದೆ. ಎಮ್ಮೆ ದಪ್ಪಗಾಯಿತು. ಆದರೂ ಕಣ್ಣಿಗೆ ಕಾಣದ ಬಿರುಕುಗಳು ಮೀರಜದ ದಾರಿಯಲ್ಲಿ ಒಡೆದು ಬರುತ್ತಲೇ ಇದ್ದವು.

ಒಂದು ಮಧ್ಯಾಹ್ನ ನೆಗೆಣ್ಣಿ ಫೋನಿನಲ್ಲಿ ಗಿರಾಕಿಯಿಂದ ಏನೋ ಕೇಳಿಸಿಕೊಂಡು ಒಳಗೆ ಬಂದವಳೇ ಅಕ್ಕೋಳದವಳ ಮುಂದೆ ನಿಂತಳು. “ನಿನ್ನ ದೆಸಿಯಿಂದ ನನ್ನ ಹೆಸರ ಕೆಡಾಕತ್ತೈತಿ. ನಾಚಿಕಿ ಅನ್ನೂದ ಐತೇನ ನಿನಗ?”

ಅಕ್ಕೋಳದವಳು ಹಂಚಿನ ಮೇಲಿದ್ದ ರೊಟ್ಟಿಯನ್ನು ಪೂರ್ತಿ ಬೇಯಿಸಿ ತೆಗೆದಳು. ಒಲೆಯ ಕಟ್ಟಿಗೆ ಹಿಂದಕ್ಕೆಳೆದಳು. ಕೈ ತೊಳೆದುಕೊಂಡಳು. ನೀರು ಸವರುವ ಅರಿವೆಯನ್ನು ಹಿಂಡಿ, ಮಡಚಿ, ಹೊಸ್ತಿಲ ಮೇಲಿಟ್ಟಳು. ಹೋಗುವಾಗ ನನ್ನೊಬ್ಬಳಿಗೆ ಮಾತ್ರ “ದೊಡ್ಡಕ್ಕಾರ, ಬರ್ತೇನ್ರಿ” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಕೊಂದದ್ದು. ನನ್ನ ಬಾಯಿ ತೆರೆದೇ ಇತ್ತು, ಮಾತು ಹೊರಬೀಳುವಷ್ಟರಲ್ಲಿ ಅವಳು ಓಣಿ ದಾಟಿದ್ದಳು.

ಮುಂದಿನ ವಾರದಿಂದ ಇನ್ನೂ ಇಬ್ಬರು ಬರುವುದು ಬಿಟ್ಟರು. ಒಬ್ಬಳಿಗೆ ಸೊಂಟನೋವು, ಇನ್ನೊಬ್ಬಳ ಮನೆಯಲ್ಲಿ ಕಾರ್ಯ. ನಿಜ ಕಾರಣ ನನಗೆ ಗೊತ್ತಿತ್ತು. ಅಕ್ಕೋಳದವಳ ಜಾಗ ಖಾಲಿಯಾಗಿತ್ತು, ಮುಂದಿನ ಎಮ್ಮೆ ಯಾರು ಎಂದು ಅವರು ಲೆಕ್ಕ ಹಾಕಿದ್ದರು. ಅದೇ ಹೊತ್ತಿಗೆ ಉಗಾರ ಬುದ್ರುಕದ ಕಬ್ಬಿನವರ ಮನೆಯ ಮದುವೆಯ ರೊಟ್ಟಿ ನಮಗೆ ಬಂದಿತ್ತು. ಊರಿಗೆ ಊರೇ ಉಣ್ಣುವ ಮದುವೆ. ಅದು ತಪ್ಪಿದರೆ ಕೃಷ್ಣೆಯ ಆ ದಂಡೆ ಈ ದಂಡೆಯಲ್ಲಿ ನಮ್ಮ ರೊಟ್ಟಿಯನ್ನು ಕೇಳುವವರಿರುವುದಿಲ್ಲ. ನೆಗೆಣ್ಣಿ ಖಾಲಿ ಒಲೆಗಳ ನಡುವೆ ಕುಕ್ಕರುಗಾಲಲ್ಲಿ ಕೂತು ಅತ್ತಳು.

“ಏನ ತಪ್ಪ ಮಾಡೇನ್ರಿ ಅಕ್ಕಾರ ನಾ? ಹಬ್ಬಕ್ಕ ಸೀರಿ ಉಡಿಸೇನಿ. ಮನಿ ಮಂದಿಗತೆ ನೋಡೇನಿ.”

“ಅದ ತಪ್ಪು” ಎಂದೆ. “ನನ್ನನ್ನ ಮನಿ ಹಿರ್ಯಾಕಿ ಹಂಗ ನೋಡಿದಿ, ಆಕೀನ್ನ ಹಿತ್ತಲ ಎಮ್ಮಿ ಹಂಗ ನೋಡಿದಿ. ಕೆಲಸದಾಕಿ ಹಂಗ ನಮ್ಮಿಬ್ಬರನ್ನೂ ನೋಡಲಿಲ್ಲ.”

ಅವಳಿಗೆ ತಿಳಿಯಿತೋ ಇಲ್ಲವೋ. ಕಣ್ಣು ಒರೆಸಿಕೊಂಡು, “ನಡೀರಿ, ಹೋಗಿ ಕರಕೊಂಡ ಬರೂಣು” ಎಂದಳು.

ನಿಪ್ಪಾಣಿಯ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಗಾಡಿ ಹತ್ತಿ ಅಕ್ಕೋಳಕ್ಕೆ ಹೋದೆವು. ಅಕ್ಕೋಳದವಳು ತವರುಮನೆಯಲ್ಲಿದ್ದಳು. ತಂಬಾಕು ತುಂಬಿಡುವ ವಖಾರಿಯಲ್ಲಿ ಕೆಲಸ ಹಿಡಿದಿದ್ದಳು. ಆಗಷ್ಟೇ ಬಂದಿದ್ದಳು, ಮೂಗು ಬಾಯಿಗೆ ಕಟ್ಟಿಕೊಂಡ ಅರಿವೆಯನ್ನೂ ಬಿಚ್ಚಿರಲಿಲ್ಲ. ತಂಬಾಕಿನ ಘಾಟಿಗೆ ನಾವಿಬ್ಬರೂ ಕೆಮ್ಮಿದೆವು, ಅವಳು ಕೆಮ್ಮು ನುಂಗಿಕೊಂಡಳು. ಚಾಪೆ ಹಾಸಿ, “ಕುಂದರ್ರಿ ವೈನಿ, ಕುಂದರ್ರಿ ದೊಡ್ಡಕ್ಕಾರ” ಎಂದು ನೀರು ಕೊಟ್ಟಳು.

ನೆಗೆಣ್ಣಿ ಮದುವೆಯ ವಿಷಯ ಹೇಳಿದಳು, ಪಗಾರ ಹೆಚ್ಚು ಕೊಡುತ್ತೇನೆ ಎಂದಳು, ಕೈ ಹಿಡಿದಳು. ಅಕ್ಕೋಳದವಳು ಎಲ್ಲ ಕೇಳಿಸಿಕೊಂಡಳು.

“ನನಗ ಪಗಾರ ಬ್ಯಾಡ್ರಿ ವೈನಿ. ಒಂದು ಮಾತ ಹೇಳ್ರಿ ಸಾಕು. ರೊಟ್ಟಿ ಯಾರ್ವು ಒಡೀತಿದ್ವು? ಇಲ್ಲಿ, ನನ್ನ ಮುಂದ, ಅವರಿಗೇ ಹೇಳ್ರಿ. ನಾ ಈಗ ಚೀಲಾ ತಗೊಂಡ ಬರತೇನಿ.”

ಅವಳ ತಾಯಿ ಒಳಗಿನಿಂದ ಬಾಗಿಲಿಗೆ ಬಂದು ನಿಂತಳು. ನಾನು ನೆಗೆಣ್ಣಿಯ ಕಡೆ ತಿರುಗಿ ಕೂತೆ. ಮಾರಿಗೆ ಮಾರಿ ಕೊಟ್ಟು ಕೂತೆ. ಹೇಳು ತಂಗಿ, ನಿನ್ನ ಕಾಲಿಗೆ ಬೀಳುತ್ತೇನೆ, ಹೇಳಿಬಿಡು ಎಂದು ಮನಸ್ಸಿನಲ್ಲೇ ಮೊರೆ ಇಟ್ಟೆ. ಬಾಯಿ ಬಿಟ್ಟೂ ಹೇಳಿದೆ: “ಹೇಳ ಬೇ. ನನಗೇನೂ ಆಗೂದಿಲ್ಲ.”

ನೆಗೆಣ್ಣಿಯ ತುಟಿ ಅಲುಗಿತು. ನನ್ನ ಮುಖ ನೋಡಿದಳು, ನನ್ನ ಕೈ ನೋಡಿದಳು, ಅವಳ ಕಣ್ಣುಗಳು ತುಂಬಿ ಬಂದವು. ಆಮೇಲೆ ಸೆರಗು ಹೊದ್ದುಕೊಂಡು ಎದ್ದು ನಿಂತು, “ಬಸ್ಸ ತಪ್ಪತೈತ್ರಿ ಅಕ್ಕಾರ” ಎಂದಳು.

ಬಸ್ಸಿನಲ್ಲಿ ನಾನು ಅವಳ ಪಕ್ಕ ಕೂರಲಿಲ್ಲ. ನನ್ನ ಮೇಲಿನ ಗೌರವಕ್ಕೆ ಅವಳು ಆ ದೊಡ್ಡ ಮದುವೆಯ ಕೆಲಸವನ್ನೇ ಕಳೆದುಕೊಳ್ಳಲು ತಯಾರಾಗಿದ್ದಳು. ಇಂಥ ಗೌರವವನ್ನು ನಾನು ಯಾವಾಗ ಬೇಡಿದ್ದೆ? ಕಿಟಕಿಯಾಚೆ ತಂಬಾಕಿನ ಹೊಲಗಳು ಹೋದವು, ಕಬ್ಬಿನ ಗದ್ದೆಗಳು ಬಂದವು, ನನಗೆ ಒಂದನ್ನೂ ನೋಡುವ ಮನಸ್ಸಿರಲಿಲ್ಲ. ಈ ಗೌರವದ ಉರುಳಿನಿಂದ ನನ್ನನ್ನು ಬಿಡಿಸುವವರು ಯಾರು ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟಿತು. ನಾನೇ ಎದ್ದು ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಎದ್ದು ಹೋದರೆ ಅಕ್ಕಾರಿಗೆ ಮೈ ಸರಿಯಿಲ್ಲ ಎಂಬ ಮಾತಾಗುತ್ತಿತ್ತೇ ಹೊರತು, ಅಕ್ಕೋಳದವಳ ರೊಟ್ಟಿ ಒಡೆಯಲಿಲ್ಲ ಎಂಬ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಅವಳ ಮೇಲಿನ ಕಳಂಕ ಹಾಗೇ ಉಳಿಯುತ್ತಿತ್ತು.

ಮದುವೆಯ ರೊಟ್ಟಿಗೆಂದು ನೆಗೆಣ್ಣಿ ರಾಯಬಾಗದ ಕಡೆಯಿಂದ ಒಬ್ಬ ಹೆಂಗಸನ್ನು ಹೊಸದಾಗಿ ಕರೆಸಿದಳು. ನಡುವಯಸ್ಸಿನ, ಮಾತು ಕಡಿಮೆಯ ಹೆಂಗಸು. ಅವಳಿಗೂ ಚಿಕ್ಕೋಡಿಯಲ್ಲಿ ಯಾರೂ ಇರಲಿಲ್ಲ. ಅವಳು ಬಂದು ನನ್ನ ಎಡಕ್ಕೆ, ಅಕ್ಕೋಳದವಳ ಜಾಗದಲ್ಲಿ ಮಣೆ ಹಾಕಿಕೊಂಡಳು.

ಬೆಳಗಿನ ಮೊದಲ ರೊಟ್ಟಿಗಳು ಆಗುತ್ತಿದ್ದವು. ನಾನು ಒಂದನ್ನು ಹಂಚಿನಿಂದ ಎತ್ತಿದೆ, ಅದು ನನ್ನ ಕೈಯಲ್ಲೇ ಎರಡಾಯಿತು. ಅರ್ಧ ಕೈಯಲ್ಲಿ, ಅರ್ಧ ಬೂದಿಯಲ್ಲಿ. ಬಾಗಿಲಲ್ಲಿ ನಿಂತಿದ್ದ ನೆಗೆಣ್ಣಿ ನೋಡಿದಳು. ಅವಳ ಕಣ್ಣು ನನ್ನನ್ನು ದಾಟಿ ಎಡಕ್ಕೆ ಹೊರಳಿತು. “ಏನವಾ, ಹೊಸಬಳಾದ್ರೇನಾತು, ಜರಾ ನೋಡಿ...” ಎಂದು ಶುರು ಮಾಡಿದಳು.

ನಾನು ಅವಳ ಸೆರಗು ಹಿಡಿದು ಜಗ್ಗಿದೆ. ಹಿಟ್ಟಿನ ಕೈಯಲ್ಲೇ ಹಿಡಿದೆ.

“ಆಕಿಗಲ್ಲ. ನನಗ ಹೇಳ. ಇವತ್ತ ನನಗ ಹೇಳದ ಇದ್ರ ನಾ ಈ ಸೆರಗ ಬಿಡಾಕಿ ಅಲ್ಲ.”

“ಅಕ್ಕಾರ, ಬಿಡ್ರಿ...”

“ನಿನಗ ಕೈ ಹಿಡದು ಕಲಸೇನಿ ನಾ. ಆ ಋಣಾ ತೀರಿಸ. ಹೇಳ!”

ಬೇಡುತ್ತಿದ್ದೆನೋ ಗದರುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ. ನೆಗೆಣ್ಣಿ ಕಣ್ಣು ಮುಚ್ಚಿದಳು. ಮುಚ್ಚಿಕೊಂಡೇ, ಎಲ್ಲರಿಗೂ ಕೇಳುವಂತೆ ಹೇಳಿದಳು:

“ರೊಟ್ಟಿ ನಿಮ್ಮವ ಒಡ್ಯಾಕತ್ತಾವ್ರಿ ಅಕ್ಕಾರ. ಮೊದಲಿನಿಂದನೂ ನಿಮ್ಮವ. ಏಳ್ರಿ ಒಲಿ ಮುಂದಿಂದ.”

ತಿಂಗಳುಗಟ್ಟಲೆ ನಾನು ಕಾದ ಮಾತು ಅದು. ಅದಕ್ಕಾಗಿ ಅಕ್ಕೋಳದ ತನಕ ಹೋಗಿ ಚಾಪೆಯ ಮೇಲೆ ಮುಖ ಒಡ್ಡಿ ಕೂತಿದ್ದೆ. ಬಂದಾಗ ಅದು ಕೆನ್ನೆಗೆ ಕಾದ ಹಂಚು ತಾಗಿದ ಹಾಗೆ ತಾಗಿತು. ನನಗೇನೂ ಆಗುವುದಿಲ್ಲ ಎಂದಿದ್ದೆನಲ್ಲ, ಸುಳ್ಳು. ಅಷ್ಟು ಜನರ ಮುಂದೆ ನನ್ನ ಮೈಯೆಲ್ಲ ಹಿಡಿಯಾಗಿ ಹೋಯಿತು. ಏಳಲು ಹೋದೆ. ನೆಗೆಣ್ಣಿ ಬಗ್ಗಿ ಕೈ ಕೊಟ್ಟಳು, ನಾನು ತಳ್ಳಿದೆ. ಮತ್ತೊಮ್ಮೆ ಕೊಟ್ಟಳು, ಹಿಡಿದುಕೊಂಡು ಎದ್ದೆ. ಬಾಗಿಲ ಬದಿಯಲ್ಲಿ ಜೋಳದ ಚೀಲದ ಮೇಲೆ ಕೂತು ಅತ್ತೆ. ಯಾರೂ ಸಮಾಧಾನ ಮಾಡಲಿಲ್ಲ, ಒಳ್ಳೆಯದೇ ಆಯಿತು.

ನೆಗೆಣ್ಣಿ ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಅಕ್ಕೋಳಕ್ಕೆ ಫೋನ್ ಮಾಡಿದಳು. “ಹೇಳೇನಿ ಬೇ. ಎಲ್ಲಾರ ಮುಂದ ಅಕ್ಕಾರಿಗೆ ಹೇಳೇನಿ. ನಿನ್ನ ರೊಟ್ಟಿ ಒಂದೂ ಒಡದಿದ್ದಿಲ್ಲ, ಅದನ್ನೂ ಈಗ ಎಲ್ಲಾರ ಮುಂದ ಹೇಳಾಕತ್ತೇನಿ.” ಆಚೆಯಿಂದ ಏನು ಬಂತೋ, ಅವಳು ಫೋನನ್ನು ನನ್ನ ಕೈಗೆ ಕೊಟ್ಟು, ನನ್ನ ಒಲೆಯ ಮುಂದೆ ನನ್ನ ಮಣೆಯ ಮೇಲೆ ಕೂತು ಹಿಟ್ಟಿಗೆ ಕೈ ಹಾಕಿದಳು.

ಫೋನಿನಲ್ಲಿ ಮೊದಲು ಕೆಮ್ಮು ಕೇಳಿತು. ಅಕ್ಕೋಳದವಳು ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

“ದೊಡ್ಡಕ್ಕಾರ, ಭಾಳ ನೋವಾತೇನ್ರಿ?”

“ಹೂಂ ಬೇ” ಎಂದೆ. “ಭಾಳ ಆತು.”

“ನನಗೂ ದಿನಾ ಹಿಂಗ ಆಗತಿತ್ರಿ” ಎಂದಳು ಅವಳು.